ಕಾಯುವವನ ಲೆಕ್ಕ ಬರೆಯುವವರಾರು?

ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸುತ್ತೇನೆ. ಕಳೆದ ವರ್ಷ ನಿಮ್ಮ ಮನೆಯಲ್ಲಿ ಯಾವ ಯಾವ ಅನಾಹುತಗಳು ಆಗಲಿಲ್ಲ ಎಂಬುದನ್ನು ನೀವು ಎಂದಾದರೂ ಎಣಿಸಿದ್ದೀರಾ? ಮಗು ಹಂಡೆಯ ಬಿಸಿನೀರಿಗೆ ಕೈ ಹಾಕಲಿಲ್ಲ. ಅಜ್ಜನ ರಕ್ತದೊತ್ತಡದ ಗುಳಿಗೆ ಒಂದು ದಿನವೂ ತಪ್ಪಲಿಲ್ಲ. ರಾತ್ರಿ ಗ್ಯಾಸ್ ಸಿಲಿಂಡರಿನ ಕೀಲಿ ತೆರೆದೇ ಉಳಿಯಲಿಲ್ಲ. ಆಗದೇ ಹೋದ ಇಂಥ ಸಂಗತಿಗಳನ್ನು ಯಾರೂ ಡೈರಿಯಲ್ಲಿ ಬರೆದಿಡುವುದಿಲ್ಲ. ಆದರೆ ಅವು ತಾವಾಗಿಯೇ ತಪ್ಪಿದವುಗಳಲ್ಲ. ಪ್ರತಿಯೊಂದರ ಹಿಂದೆಯೂ ಎದ್ದು ಹೋಗಿ ನೋಡಿದ ಒಬ್ಬರು ಇದ್ದರು. ಅವರು ನೂರು ಸಲ ಕಾಯ್ದದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ; ಒಮ್ಮೆ ತಪ್ಪಿದರೆ ಮಾತ್ರ ಮನೆಯವರೆಲ್ಲ ಒಟ್ಟುಗೂಡಿ ಕೇಳುತ್ತೇವೆ, "ನೀನು ಎಲ್ಲಿದ್ದೆ?"

ಕಾಯುವವನನ್ನು ನಾವು ಯಾವ ಅಳತೆಗೋಲಿನಿಂದ ಅಳೆಯಬೇಕು? ಇದು ನಾನು ಪುಸ್ತಕದಿಂದ ಎತ್ತಿಕೊಂಡ ಪ್ರಶ್ನೆಯಲ್ಲ. ನನ್ನ ಮನೆಯ ಹೊಸ್ತಿಲಲ್ಲೇ ಎದ್ದ ಪ್ರಶ್ನೆ. ಅದಕ್ಕೆ ಉತ್ತರದ ದಾರಿ ತೋರಿಸಿದವರು ಮಾತ್ರ ಬಹು ದೂರದ ಡೆನ್ಮಾರ್ಕ್ ದೇಶದ ಒಬ್ಬ ಫುಟ್ಬಾಲ್ ಆಟಗಾರ. ಈ ಎರಡು ದೂರಗಳನ್ನು ಜೋಡಿಸಲು ತುಸು ಸಹನೆಯಿಂದ ನನ್ನೊಡನೆ ಬನ್ನಿ.

ಘಟಪ್ರಭೆಯ ಸೀಮೆಯಲ್ಲಿ, ಗೋಕಾಕ-ಹುಕ್ಕೇರಿಗಳ ಆಸುಪಾಸಿನ ಘೋಡಗೇರಿಯಲ್ಲಿ ನಮ್ಮ ಹಿರಿಯರ ಮನೆಯಿದೆ. ನಾನು ನೌಕರಿಯ ನೆಪದಲ್ಲಿ ನಗರ ಸೇರಿದೆ. ನನ್ನ ತಮ್ಮ ಅಲ್ಲಿಯೇ ಉಳಿದು ಹೊಲ, ದನ ಮತ್ತು ಅವ್ವನನ್ನು ನೋಡಿಕೊಂಡನು. ನಾನು ತಿಂಗಳಿಗೊಮ್ಮೆ ಹಣ ಕಳುಹಿಸುತ್ತಿದ್ದೆ, ಹಬ್ಬಕ್ಕೊಮ್ಮೆ ಸೀರೆ ಒಯ್ಯುತ್ತಿದ್ದೆ. ಊರಿನವರ ಬಾಯಲ್ಲಿ ನಾನು ಒಳ್ಳೆಯ ಮಗ. 2021ರ ಮಾರ್ಚ್ ತಿಂಗಳ ಒಂದು ರಾತ್ರಿ ಪಂಪ್‌ಸೆಟ್ಟಿನ ಕರೆಂಟು ಹನ್ನೊಂದು ಗಂಟೆಗೆ ಬಂತು. ಕಬ್ಬಿಗೆ ನೀರು ಹಾಯಿಸಲು ತಮ್ಮ ಹೊಲಕ್ಕೆ ಹೋದನು. ಆ ಹೊತ್ತಿನಲ್ಲೇ ಅವ್ವ ಯಾರನ್ನೂ ಎಬ್ಬಿಸದೆ ಎದ್ದು, ಕತ್ತಲಲ್ಲಿ ಹೊಸ್ತಿಲು ಎಡವಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಬೆಳಗಾಗುವುದರೊಳಗೆ ಆಸ್ಪತ್ರೆಗೆ ಧಾವಿಸಿದ ನಾನು, ಕೆಸರು ಮೆತ್ತಿದ ಕಾಲಿನಲ್ಲೇ ಬಾಗಿಲ ಬಳಿ ನಿಂತಿದ್ದ ತಮ್ಮನಿಗೆ ಎಲ್ಲರೆದುರು ಕೇಳಿದೆ, "ಮನ್ಯಾಗ ಇದ್ದೂ ಅವ್ವನ್ನ ನೋಡ್ಕೊಳ್ಳಾಕ ಆಗಲಿಲ್ಲೇನು ನಿನಗ? ಎಲ್ಲಿ ಹೋಗಿದ್ದಿ?"

"ಕರೆಂಟ್ ಬಂದಿತ್ತಣ್ಣಾ, ನೀರು ಹಾಯಿಸಾಕ ಹೋಗಿದ್ದೆ" ಎಂದಷ್ಟೇ ಹೇಳಿ ಅವನು ತಲೆ ತಗ್ಗಿಸಿದನು. ನನಗೋ, ನ್ಯಾಯ ಕೇಳಿದೆನೆಂಬ ಸಮಾಧಾನ. ಆ ರಾತ್ರಿ ನಾನು ಎಲ್ಲಿದ್ದೆ ಎಂದು ಯಾರೂ ಕೇಳಲಿಲ್ಲ. ದೂರವಿದ್ದವನಿಗೆ ಆ ಪ್ರಶ್ನೆ ಅನ್ವಯಿಸುವುದೇ ಇಲ್ಲವಷ್ಟೆ!

ಕೆಲವೇ ವಾರಗಳಲ್ಲಿ ಕೊರೋನಾದ ಎರಡನೆಯ ಅಲೆ ಬಂತು. ಆಗಲೇ ನಿವೃತ್ತನಾಗಿದ್ದ ನಾನು ಲಾಕ್‌ಡೌನ್ ಬಿಗಿಯಾಗುವ ಮುನ್ನ ಊರಿಗೆ ಬಂದು ಉಳಿದೆ. ಅವ್ವ ಹಾಸಿಗೆಯಲ್ಲಿದ್ದಳು. ತಮ್ಮನ ಮಗನಿಗೆ ಫುಟ್ಬಾಲಿನ ಹುಚ್ಚು. ಬೆಳಗಾವಿ ನಗರದಲ್ಲಿ ಆ ಆಟದ ಪ್ರೀತಿ ಹಳೆಯದು. ನಮ್ಮ ಹಳ್ಳಿಗಳಿಗೆ ಕಬಡ್ಡಿ, ಕುಸ್ತಿಗಳೇ ಹೆಚ್ಚು ಆಪ್ತವಾದರೂ ಮೊಬೈಲು ಬಂದ ಮೇಲೆ ಹುಡುಗರು ಜಗತ್ತಿನ ಆಟಗಳನ್ನೆಲ್ಲ ಬಲ್ಲರು. ಜೂನ್ 12ರ ರಾತ್ರಿ ಅವನ ಮಗ್ಗುಲಲ್ಲಿ ಕುಳಿತು ಯುರೋಪಿನ ರಾಷ್ಟ್ರಗಳ ಪಂದ್ಯಾವಳಿಯ ಒಂದು ಆಟವನ್ನು ನೋಡುತ್ತಿದ್ದೆ. ಕೋಪನ್‌ಹೇಗನ್ ನಗರದ ಪಾರ್ಕೆನ್ ಕ್ರೀಡಾಂಗಣ. ಡೆನ್ಮಾರ್ಕಿನ ಎದುರು ಫಿನ್ಲೆಂಡ್. ಮೊದಲರ್ಧ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಎಂಬ ಆಟಗಾರ ಯಾರೂ ತಾಗದೆಯೇ ಮುಗ್ಗರಿಸಿ ಮುಖವಡಿಯಾಗಿ ಬಿದ್ದರು. ಅವರ ಹೃದಯ ಸ್ತಂಭಿಸುವುದರಲ್ಲಿತ್ತು.

ಮೊದಲು ಅವರ ಬಳಿಗೆ ಓಡಿ ತಲುಪಿದವರಲ್ಲಿ ತಂಡದ ನಾಯಕ ಸಿಮೋನ್ ಕೇರ್ ಒಬ್ಬರು. ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿ, ಉಸಿರಿನ ದಾರಿ ಮುಚ್ಚಿಹೋಗದಂತೆ ನೋಡಿಕೊಳ್ಳುವುದರಲ್ಲಿ ಅವರು ನೆರವಾದರು. ಕ್ಷಣಗಳಲ್ಲಿ ವೈದ್ಯರು ಬಂದರು. ಎದೆಯನ್ನು ಒತ್ತುವ ಚಿಕಿತ್ಸೆ ನಡೆಯಿತು, ವಿದ್ಯುತ್ ಆಘಾತ ನೀಡುವ ಯಂತ್ರ ಬಂತು. ಆಗ ಕೇರ್ ಮತ್ತೊಂದು ಕೆಲಸ ಮಾಡಿದರು. ತಮ್ಮ ಸಂಗಡಿಗರನ್ನು ಗೆಳೆಯನ ಸುತ್ತ ಗೋಡೆಯಂತೆ ನಿಲ್ಲಿಸಿದರು. ಆ ಗೋಡೆಯಲ್ಲಿ ಅನೇಕರು ಗೆಳೆಯನಿಗೆ ಬೆನ್ನು ಮಾಡಿ, ಹೊರಗೆ ಮುಖ ಮಾಡಿ ನಿಂತಿದ್ದರು. ಕೆಲವರ ಕಣ್ಣಲ್ಲಿ ನೀರು, ಕೆಲವರ ತುಟಿಗಳಲ್ಲಿ ಪ್ರಾರ್ಥನೆ. ಜಗತ್ತಿನ ಕೋಟ್ಯಂತರ ಕಣ್ಣುಗಳ ಮುಂದೆ ಒಬ್ಬ ಮನುಷ್ಯನ ಸಂಕಟವು ನೋಟದ ವಸ್ತುವಾಗಬಾರದೆಂದು ಅವರು ತಮ್ಮ ಮೈಗಳನ್ನೇ ಪರದೆಯಾಗಿಸಿದ್ದರು. ಎರಿಕ್ಸನ್ ಅವರ ಬಾಳಸಂಗಾತಿ ಅಳುತ್ತ ಮೈದಾನಕ್ಕೆ ಇಳಿದು ಬಂದಾಗ ಕೇರ್ ಹಾಗೂ ಗೋಲ್‌ಕೀಪರ್ ಕ್ಯಾಸ್ಪರ್ ಶ್ಮೈಕೆಲ್ ಆಕೆಯನ್ನು ಹಿಡಿದು ಸಂತೈಸಿದರು. ಎರಿಕ್ಸನ್ ಬದುಕಿದರು. ಎದೆಯಲ್ಲಿ ಪುಟ್ಟ ಯಂತ್ರವೊಂದನ್ನು ಅಳವಡಿಸಿಕೊಂಡು 2022ರಲ್ಲಿ ಮತ್ತೆ ಆಟಕ್ಕೆ ಮರಳಿದರು.

ಈ ಕೇರ್ ಎಂಬವರು ಯಾರು? 1989ರಲ್ಲಿ ಡೆನ್ಮಾರ್ಕಿನ ಹಾರ್ಸೆನ್ಸ್ ಪಟ್ಟಣದಲ್ಲಿ ಜನಿಸಿದ ಅವರು ಮಿಡ್‌ಟಿಲಾಂಡ್ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದರು. ಮುಂದೆ ಯಾವ ಹುಡುಗರು ದೊಡ್ಡ ಆಟಗಾರರಾಗುವರೆಂದು ಅಲ್ಲಿನ ತರಬೇತುದಾರರು ಹಿಂದೊಮ್ಮೆ ಹೆಸರುಗಳನ್ನು ಬರೆದಿಟ್ಟಾಗ ಯಾರ ಚೀಟಿಯಲ್ಲೂ ಈ ಹುಡುಗನ ಹೆಸರಿರಲಿಲ್ಲವೆಂದು, ಅಲ್ಲಿಯೇ ತರಬೇತುದಾರರಾಗಿದ್ದ ರಾಸ್ಮಸ್ ಆಂಕರ್ಸನ್ ಬರೆದಿದ್ದಾರೆ. ಆ ಹುಡುಗ 2008ರಲ್ಲಿ ಇಟಲಿಯ ಪಲೆರ್ಮೊ ಸೇರಿದನು. ಆಮೇಲೆ ಜರ್ಮನಿಯ ವೋಲ್ಫ್ಸ್‌ಬರ್ಗ್, ಫ್ರಾನ್ಸಿನ ಲೀಲ್, ಟರ್ಕಿಯ ಫೆನರ್ಬಾಚೆ, ಸ್ಪೇನಿನ ಸೆವಿಲ್ಲಾ, ಕೊನೆಗೆ 2020ರಲ್ಲಿ ಇಟಲಿಯ ಮಿಲಾನ್. ದೇಶದ ಪರವಾಗಿ ಆಡಿದ್ದು 132 ಪಂದ್ಯ. ಹೊಡೆದ ಗೋಲುಗಳು ಬೆರಳೆಣಿಕೆಯಷ್ಟು. 2025ರ ಜನವರಿಯಲ್ಲಿ ಆಟದಿಂದ ನಿವೃತ್ತಿ ಘೋಷಿಸಿದರು.

ಇಷ್ಟು ಪಂದ್ಯಗಳಿಗೆ ಇಷ್ಟೇ ಗೋಲೇ ಎಂದು ಕೇಳಬೇಡಿ. ಅವರು ಡಿಫೆಂಡರ್, ಅಂದರೆ ತಮ್ಮ ಗೋಲಿನ ಮುಂದೆ ನಿಂತು ಕಾಯುವ ಆಟಗಾರ. ಗೋಲು ಹೊಡೆದವನ ಹೆಸರು ನಿಮಿಷ ಸಹಿತ ಫಲಕದ ಮೇಲೆ ಬರುತ್ತದೆ. ಡಿಫೆಂಡರ್ ತಡೆದ ಗೋಲು ಎಲ್ಲಿಯೂ ದಾಖಲಾಗುವುದಿಲ್ಲ, ಏಕೆಂದರೆ ಅದು ಸಂಭವಿಸಲೇ ಇಲ್ಲ. ಅವನ ದಿನವಿಡೀ ದುಡಿಮೆಯ ಫಲ ಒಂದು ಸೊನ್ನೆ. ಫಲಕದ ಮೇಲಿನ ಆ ಸೊನ್ನೆಯೇ ಅವನ ಸಂಬಳ, ಅದೇ ಅವನ ಸನ್ಮಾನ.

ನಮ್ಮ ನಾಡಿನ ನೆನಪೂ ಹೀಗೆಯೇ ನಡೆದುಕೊಂಡಿದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಫುಟ್ಬಾಲ್ ತಂಡ ಫ್ರಾನ್ಸಿನ ಎದುರು ಆಡಿತು. ಹೆಚ್ಚಿನವರದು ಬರಿಗಾಲು. ಆ ದಿನ ಭಾರತದ ಗೋಲು ಹೊಡೆದ ಬೆಂಗಳೂರಿನ ಎಸ್. ರಾಮನ್ ಅವರ ಹೆಸರನ್ನು ಕನ್ನಡಿಗರು ಅಭಿಮಾನದಿಂದ ಹೇಳುತ್ತಾರೆ, ಅದು ಯೋಗ್ಯವೇ. ಆದರೆ ರಕ್ಷಣೆಯಲ್ಲಿ ನಿಂತು ತಂಡವನ್ನು ನಡೆಸಿದ ನಾಯಕ, ನಾಗಾಲ್ಯಾಂಡಿನ ಡಾ. ಟಿ. ಆವ್ ಅವರನ್ನು ನೆನೆಯುವವರು ಎಷ್ಟು ಮಂದಿ? ಅದೇ ತಂಡದ ಇನ್ನೊಬ್ಬ ಡಿಫೆಂಡರ್ ಶೈಲೇನ್ ಮನ್ನಾ ಅಂದು ಒಂದು ಪೆನಾಲ್ಟಿ ಒದೆತವನ್ನು ತಪ್ಪಿಸಿಕೊಂಡರು, ಭಾರತ 1-2ರಿಂದ ಸೋತಿತು. ಮೂರು ವರ್ಷಗಳ ಬಳಿಕ, 1951ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ನಾಯಕರೂ ಅದೇ ಮನ್ನಾ. ಆದರೂ 1948ರ ಮಾತು ಬಂದಾಗ ಜನ ಮೊದಲು ಎತ್ತುವುದು ಆ ಕೈತಪ್ಪಿದ ಪೆನಾಲ್ಟಿಯನ್ನೇ. ಆ ಪಂದ್ಯದಲ್ಲಿ ಅವರು ತಡೆದದ್ದೆಷ್ಟೆಂದು ಲೆಕ್ಕವಿಟ್ಟವರಿಲ್ಲ.

ಮರಳಿ ಘೋಡಗೇರಿಗೆ ಬರೋಣ. ಎರಿಕ್ಸನ್ ಬಿದ್ದ ದಿನದಿಂದ ನನ್ನ ತಮ್ಮನ ಮಗ ಡೆನ್ಮಾರ್ಕಿನ ಅಭಿಮಾನಿಯಾದನು. ಆ ತಂಡ ಮೊದಲೆರಡು ಪಂದ್ಯ ಸೋತರೂ ರಷ್ಯಾ, ವೇಲ್ಸ್, ಚೆಕ್ ತಂಡಗಳನ್ನು ಮಣಿಸಿ ಸೆಮಿಫೈನಲ್ ತಲುಪಿತು. ಜುಲೈ 7ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿನ ಎದುರು ಆಟ. ನಮಗೆ ಆಗಲೇ ನಡುರಾತ್ರಿ ದಾಟಿತ್ತು. ಹೊರಗೆ ಜಿಟಿಜಿಟಿ ಮಳೆ. ಒಳಗಿನ ಕೋಣೆಯಲ್ಲಿ ಅವ್ವ ನರಳಿದ ಸದ್ದು. ತಮ್ಮ ಎದ್ದು ಹೋಗಿ ಅವಳನ್ನು ಮಗ್ಗುಲು ಹೊರಳಿಸಿ, ಬೆನ್ನು ಒರೆಸಿ, ಹುಣ್ಣಾಗದಂತೆ ಪುಡಿ ಹಚ್ಚುತ್ತಿದ್ದನು. ಪ್ರತಿ ರಾತ್ರಿ ಎರಡು ಗಂಟೆಗೊಮ್ಮೆ ಅವನು ಹಾಗೆ ಏಳುತ್ತಿದ್ದುದನ್ನು ನಾನು ಆ ಎರಡು ತಿಂಗಳಲ್ಲಿ ಕಂಡಿದ್ದೆ. ಕಂಡೂ ಕಾಣದವನಂತಿದ್ದೆ.

ಡೆನ್ಮಾರ್ಕ್ ಒಂದು ಗೋಲಿನಿಂದ ಮುಂದಿತ್ತು. 39ನೆಯ ನಿಮಿಷ. ಇಂಗ್ಲೆಂಡಿನ ಸಾಕಾ ಬಲಬದಿಯಿಂದ ಚೆಂಡನ್ನು ಗೋಲಿನ ಮುಂದಕ್ಕೆ ಹರಿಸಿದರು. ಅಲ್ಲಿ ಸ್ಟರ್ಲಿಂಗ್ ಕಾದಿದ್ದರು. ಚೆಂಡು ಅವರ ಕಾಲಿಗೆ ತಲುಪಿದರೆ ಗೋಲು ಖಂಡಿತ. ಹಿಂದಕ್ಕೆ ಧಾವಿಸಿ ಬಂದ ಕೇರ್ ಅದನ್ನು ತಡೆಯಲು ನೆಲದ ಮೇಲೆ ಜಾರಿದರು. ಚೆಂಡು ಅವರಿಗೇ ತಾಗಿ ಅವರದೇ ಬಲೆಯೊಳಗೆ ಹೋಯಿತು. ಫಲಕದ ಮೇಲೆ ಅವರ ಹೆಸರು ಮೂಡಿತು, ಮುಂದೆ 'ಓನ್ ಗೋಲ್' ಎಂಬ ಮಾತು. ತನ್ನ ಮನೆಯನ್ನು ತಾನೇ ಕೆಡವಿದವನೆಂಬ ದಾಖಲೆ! ಹೆಚ್ಚುವರಿ ಅವಧಿಯಲ್ಲಿ ಡೆನ್ಮಾರ್ಕ್ 1-2ರಿಂದ ಸೋತಿತು. ಇಪ್ಪತ್ತೈದು ದಿನಗಳ ಹಿಂದೆ ಗೆಳೆಯನ ಜೀವಕ್ಕೆ ಕಾವಲು ನಿಂತಿದ್ದ ಮನುಷ್ಯನಿಗೆ ಆ ರಾತ್ರಿಯ ಲೆಕ್ಕಪುಸ್ತಕದಲ್ಲಿ ದೊರೆತದ್ದು ಇದು.

ನಾನು ಅಯ್ಯೋ ಎಂದೆ. ಹುಡುಗ ಮಾತ್ರ ತಲೆ ಅಲ್ಲಾಡಿಸಿದನು. "ಅಂವಾ ಓಡಿ ಬಂದಿರಲಿಲ್ಲಂದ್ರ ಅಂವನ ಹೆಸರು ಬರ್ತಿದ್ದಿಲ್ಲ, ದೊಡ್ಡಪ್ಪಾ. ಓಡಿ ಬಂದಾಂವಗ ಅಷ್ಟ ಓನ್ ಗೋಲ್ ಆಗ್ತದ."

ಅವನು ಆಟದ ಮಾತು ಆಡಿದ್ದನು. ನನಗೆ ಒಳಕೋಣೆಯ ಬಾಗಿಲು ಕಾಣಿಸಿತು.

ಓದುಗರೇ, ವಿಚಾರ ಮಾಡಿ. ಕಾಯುವ ಕೆಲಸದಲ್ಲಿ ಅಪವಾದವು ಯಾವಾಗಲೂ ಹತ್ತಿರವಿದ್ದವನ ಹೆಗಲಿಗೇ ಬೀಳುತ್ತದೆ. ಮೈದಾನದ ಆಚೆ ತುದಿಯಲ್ಲಿ ನಿಂತವನು ಓನ್ ಗೋಲ್ ಹೊಡೆಯಲಾರ. ಊರು ಬಿಟ್ಟು ಹೋದ ಮಗನ ಕೈಯಿಂದ ಅವ್ವ ಜಾರಿ ಬೀಳಲಾರಳು. ಅವನ ಕೈ ಶುದ್ಧವಾಗಿರುವುದು ಪುಣ್ಯದಿಂದಲ್ಲ, ದೂರದಿಂದ. ಆದರೆ ಆ ದೂರವನ್ನೇ ನಾವು ನಿರಪರಾಧವೆಂದು ತಿಳಿದು ನ್ಯಾಯಪೀಠದಲ್ಲಿ ಕುಳಿತುಬಿಡುತ್ತೇವೆ. ತಮ್ಮನ ಸುದ್ದಿ ಕೇಳಿದಾಗ, ತಾನು ಅವನ ಕಾವಲುಗಾರನೇ ಎಂಬಂತೆ ನುಣುಚಿಕೊಂಡ ಕಾಯಿನನ ಕಥೆ ನಿಮಗೆಲ್ಲ ಗೊತ್ತಿದೆ. ಕಾವಲಿನ ಹೊಣೆಯೇ ತನಗಿಲ್ಲವೆಂದು ನುಣುಚಿಕೊಂಡವನು ಅವನು. ಹೊಣೆ ಹೊತ್ತು ನಿಂತ ತಮ್ಮನನ್ನೇ ಕಟಕಟೆಗೆ ಎಳೆದವನು ನಾನು. ಹಾದಿಗಳು ಬೇರೆಯಾದರೂ ಎರಡೂ ಹೊಣೆಯಿಂದ ತಪ್ಪಿಸಿಕೊಳ್ಳುವ ಹಾದಿಗಳೇ.

ಇಲ್ಲಿ ನೀವು ಒಂದು ನ್ಯಾಯವಾದ ಆಕ್ಷೇಪವನ್ನು ಎತ್ತಬಹುದು. ಹಾಗಾದರೆ ಕಾಯುವವನು ಏನು ಮಾಡಿದರೂ ಕ್ಷಮ್ಯವೇ? ನಿರ್ಲಕ್ಷ್ಯಕ್ಕೂ ಅವಘಡಕ್ಕೂ ಭೇದವಿಲ್ಲವೇ? ಭೇದವಿದೆ, ಮತ್ತು ಅದನ್ನು ಮರೆಯಬಾರದು. ಹಸಿದ ಮುದುಕಿಗೆ ಅನ್ನ ನೀಡದವನನ್ನು, ಕುಡಿದು ಮಲಗಿದ ಕಾವಲುಗಾರನನ್ನು ಯಾವ ವಾದವೂ ಬಿಡುಗಡೆ ಮಾಡಲಾರದು. ಆದರೆ ಆ ಭೇದವನ್ನು ಫಲದಿಂದ ಅಳೆಯಲಾಗದು. ಎರಡರಲ್ಲೂ ಎಲುಬು ಮುರಿದೇ ಇರುತ್ತದೆ, ಎರಡರಲ್ಲೂ ಚೆಂಡು ಬಲೆಯೊಳಗೇ ಇರುತ್ತದೆ. ಕೇಳಬೇಕಾದದ್ದು ಮನುಷ್ಯ ಯಾವ ದಿಕ್ಕಿಗೆ ಓಡುತ್ತಿದ್ದನು ಎಂಬುದನ್ನು. ಕೇರ್ ತಮ್ಮ ಗೋಲಿನ ಕಡೆಗೆ ಓಡುತ್ತಿದ್ದರು. ನನ್ನ ತಮ್ಮ ಆ ರಾತ್ರಿ ಇಸ್ಪೀಟು ಆಡಲು ಹೋದವನಲ್ಲ. ಅವ್ವನ ಔಷಧಿಗೆ ದುಡ್ಡು ತರುವ ಅದೇ ಕಬ್ಬಿಗೆ ನೀರು ಹಾಯಿಸಲು ಹೋದವನು. ಎರಡು ಕಾವಲುಗಳ ನಡುವೆ ಒಬ್ಬನೇ ಮನುಷ್ಯ ಸಿಕ್ಕಿಕೊಂಡಿದ್ದನು. ಎರಡನೆಯ ಕಾವಲಿಗೆ ಇರಬೇಕಾದವನು ನಗರದಲ್ಲಿ ನಿದ್ದೆ ಮಾಡುತ್ತಿದ್ದನು.

ಮತ್ತೊಂದು ಸಂಗತಿಯನ್ನೂ ಗಮನಿಸಿ. ಜೂನ್ 12ರಂದು ಎರಿಕ್ಸನ್‌ಗೆ ಪ್ರಜ್ಞೆ ಮರಳಿದ ಸುದ್ದಿ ಬಂದ ಮೇಲೆ ಆಟ ಮತ್ತೆ ಆರಂಭವಾಯಿತು. ಆದರೆ 63ನೆಯ ನಿಮಿಷದಲ್ಲಿ ಕೇರ್ ಮೈದಾನ ಬಿಟ್ಟು ಹೊರಬಂದರು. ಮನಸ್ಸು ಜರ್ಜರಿತವಾಗಿ ಅವರಿಂದ ಮುಂದುವರಿಯಲು ಆಗಲಿಲ್ಲವೆಂದು ತರಬೇತುದಾರರು ಬಳಿಕ ತಿಳಿಸಿದರು. ಅಷ್ಟು ಗಟ್ಟಿಯಾಗಿ ನಿಂತವರೂ ಕುಸಿದರು. ಅದು ಯಾರಿಗೂ ಅವಮಾನವೆನಿಸಲಿಲ್ಲ. ಅವರ ಜಾಗದಲ್ಲಿ ಇನ್ನೊಬ್ಬ ಆಟಗಾರ ಬಂದು ನಿಂತರು. ಫುಟ್ಬಾಲಿನಲ್ಲಿ ಬದಲಿ ಆಟಗಾರನಿದ್ದಾನೆ. ನಮ್ಮ ಮನೆಗಳಲ್ಲಿ? ಹತ್ತು ವರ್ಷದಿಂದ ಹಾಸಿಗೆ ಹಿಡಿದ ಮಾವನ ಸೇವೆ ಮಾಡುವ ಸೊಸೆಗೆ ಬದಲಿ ಯಾರು? ಬುದ್ಧಿ ಬೆಳೆಯದ ಮಗನನ್ನು ಸಾಕುವ ತಾಯಿಗೆ ಒಂದು ದಿನದ ಬಿಡುವು ಕೊಡುವವರು ಯಾರು? ಅವರನ್ನು ದೇವತೆಯೆಂದು ಹೊಗಳಿ ನಾವು ಮನೆಗೆ ಮರಳುತ್ತೇವೆ. ಹೊಗಳಿಕೆಯೂ ಒಮ್ಮೊಮ್ಮೆ ತಪ್ಪಿಸಿಕೊಳ್ಳುವ ಉಪಾಯವೇ.

ಊರಿಗೂ ಇದೇ ಮಾತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಬೀದಿಗಳಿಗೆ ನುಗ್ಗಿದಾಗ ನಾವೆಲ್ಲ ಅಣೆಕಟ್ಟೆಯ ಬಾಗಿಲುಗಳ ಬಗ್ಗೆ ಮಾತನಾಡಿದೆವು. ಹಿಡಕಲ್ ಅಣೆಕಟ್ಟೆಯಲ್ಲಿ ಅಂಥ ಬಾಗಿಲುಗಳಿವೆಯೆಂಬುದೇ, ನೀರು ಬಾರದೆ ಹೋದ ಮಳೆಗಾಲಗಳಲ್ಲಿ, ರಾತ್ರಿಪಾಳಿಯ ನೌಕರರ ಹೊರತು ಯಾರಿಗೂ ನೆನಪಿರಲಿಲ್ಲ. ಕಾವಲು ಕೆಲಸ ಮಾಡುತ್ತಿರುವಾಗ ಕಾಣುವುದಿಲ್ಲ. ಸೋತಾಗ ಮಾತ್ರ ಕಾಣುತ್ತದೆ. ಆದುದರಿಂದ ಅದನ್ನು ಕಾಣಲು ಕಣ್ಣಿಗಿಂತ ಹೆಚ್ಚಾಗಿ ಕೃತಜ್ಞತೆ ಬೇಕು.

ಆ ರಾತ್ರಿ ಪಂದ್ಯ ಮುಗಿದ ಮೇಲೆ ಹುಡುಗ ಮಲಗಿದನು. ನಾನು ಒಳಗೆ ಹೋದೆ. ತಮ್ಮ ಅವ್ವನ ಕಾಲಬಳಿ ಗೋಡೆಗೊರಗಿ ಕುಳಿತಿದ್ದನು. ಏನು ಹೇಳಬೇಕೆಂದು ತೋಚದೆ ಬಹಳ ಹೊತ್ತು ನಿಂತೆ. ಕೊನೆಗೆ ಹೇಳಿದೆ, "ಅವತ್ತ ದವಾಖಾನ್ಯಾಗ ನಾ ಹಂಗ ಅನ್ನಬಾರದಿತ್ತು. ತಪ್ಪಾತು."

ಅವನು ತಲೆಯೆತ್ತದೆ ಹೇಳಿದನು, "ಹೋಗಲಿ ಬಿಡಣ್ಣಾ. ನೀ ಒಂದ ಸಲ ಕೇಳಿದಿ. ನಾ ದಿನಾ ನನ್ನ ಕೇಳ್ಕೊಂತಿದ್ದೆ."

ನನ್ನ ಕೋಪದ ಮಾತು ಅವನೊಳಗೆ ನಾಲ್ಕು ತಿಂಗಳಿಂದ ಪ್ರತಿ ರಾತ್ರಿ ಎದ್ದು ಕುಳಿತಿತ್ತೆಂದು ಆಗ ತಿಳಿಯಿತು. ಕಾಯುವವನಿಗೆ ನಾವು ಹೊರಗಿನಿಂದ ಅಪವಾದ ತರುವ ಅಗತ್ಯವಿಲ್ಲ. ಅವನ ಒಳಗೆ ಅದು ಮೊದಲೇ ಬಂದು ಕೂತಿರುತ್ತದೆ. ಮರುದಿನದಿಂದ ರಾತ್ರಿಯ ಎರಡು ಸರದಿಗಳನ್ನು ನಾನು ತೆಗೆದುಕೊಂಡೆ. ಮೊದಲ ವಾರದಲ್ಲೇ ಒಮ್ಮೆ ನಿದ್ದೆ ಹತ್ತಿ ಸರದಿ ತಪ್ಪಿತು. ಅವ್ವನ ಬೆನ್ನು ಕೆಂಪಾಗಿತ್ತು. ತಮ್ಮ ನೋಡಿದನು, ಪುಡಿ ಹಚ್ಚಿದನು, ನನ್ನನ್ನು ಏನೂ ಕೇಳಲಿಲ್ಲ. ಅವ್ವ 2022ರ ಬೇಸಿಗೆಯಲ್ಲಿ ತೀರಿಕೊಂಡಳು. ಆ ಒಂದು ವರ್ಷದ ರಾತ್ರಿಗಳು ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಪ್ರಯೋಜನಕರ ನೌಕರಿ ಎಂದು ಈಗ ಅನ್ನಿಸುತ್ತದೆ.

ತಪ್ಪನ್ನು ಹೊರಿಸುವುದು ಬೇರೆ, ತಪ್ಪಿನಿಂದ ಕಲಿಯುವುದು ಬೇರೆ. ನಮ್ಮ ಮನೆಯಲ್ಲಿ ಹೊಸ್ತಿಲ ಬಳಿ ಈಗ ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪವಿದೆ, ಬಚ್ಚಲಿನ ದಾರಿಗೆ ಹಿಡಿಕೆಯಿದೆ. ತಮ್ಮನ ಮಗ ಪ್ರಥಮ ಚಿಕಿತ್ಸೆ ಕಲಿತಿದ್ದಾನೆ. ಬಿದ್ದವನು ಉಸಿರಾಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಬೇಕು; ಎಚ್ಚರವಿಲ್ಲದೆ ಸಹಜ ಉಸಿರೂ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ತಡಮಾಡದೆ ಎದೆಯ ನಡುವೆ ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಇದನ್ನು ಬಲ್ಲವರು ಪ್ರತಿ ಮನೆಯಲ್ಲೂ ಒಬ್ಬರಿರಲಿ. ಪ್ರೀತಿಗೆ ಸಿದ್ಧತೆಯೂ ಬೇಕು.

ಕಡೆಯದಾಗಿ ಒಂದು ವಿನಂತಿ. 2021ರ ಆಗಸ್ಟಿನಲ್ಲಿ ಯುರೋಪಿನ ಫುಟ್ಬಾಲ್ ಸಂಸ್ಥೆಯು ಕೇರ್ ಅವರಿಗೂ ಎರಿಕ್ಸನ್‌ರನ್ನು ಉಳಿಸಿದ ವೈದ್ಯಕೀಯ ತಂಡಕ್ಕೂ ಅಧ್ಯಕ್ಷರ ಪ್ರಶಸ್ತಿಯನ್ನು ನೀಡಿತು. ನಿಮ್ಮ ಮನೆಯ ಕಾವಲುಗಾರರಿಗೆ ಯಾವ ಸಂಸ್ಥೆಯೂ ಪ್ರಶಸ್ತಿ ಕೊಡದು. ಅದನ್ನು ನೀವೇ ಕೊಡಬೇಕು. ಈ ಸಂಚಿಕೆಯನ್ನು ಮಡಚಿಟ್ಟ ಮೇಲೆ ಊರಲ್ಲಿ ಉಳಿದ ತಮ್ಮನಿಗೆ, ತಂಗಿಗೆ, ಅತ್ತಿಗೆಗೆ ಒಂದು ಫೋನ್ ಮಾಡಿರಿ. "ಅವ್ವ ಹೇಗಿದ್ದಾಳೆ?" ಎಂದು ಕೇಳುವ ಮುನ್ನ "ನೀನು ಹೇಗಿದ್ದಿ?" ಎಂದು ಕೇಳಿರಿ. ಆಮೇಲೆ, ಸಾಧ್ಯವಾದರೆ, "ಈ ವಾರದ ರಾತ್ರಿಗಳನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಹೇಳಿ ಬಸ್ಸು ಹತ್ತಿರಿ.